ಎವಾರಿಸ್ತ್ ಮೇಸ್ತ್ರಿಯ ಕೊನೆಯ ಬಟ್ಟಲು

ವಾಲ್ರೂ ಗಾಜಿನ ಕಾರ್ಖಾನೆಯಲ್ಲಿ ಗಂಡಸರು ಊದುತ್ತಾರೆ, ಹೆಂಗಸರು ಒಡೆಯುತ್ತಾರೆ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ ಬಿಡಿ. ನೂರ ಅರವತ್ತು ವರ್ಷದಿಂದ ಆ ಊರಿನ ಹೆಸರು ಉಳಿದಿರುವುದು ಒಡೆದದ್ದರಿಂದಲೇ. ಕುಲುಮೆಯಿಂದ ಇಳಿದ ಹತ್ತು ಬಟ್ಟಲುಗಳಲ್ಲಿ ನಾಲ್ಕು, ಒಳ್ಳೆಯದು ಕೆಟ್ಟದ್ದು ಆರಿಸುವ ಕೋಣೆಯ ತೊಟ್ಟಿಯಲ್ಲಿ ಪುಡಿಯಾಗಿ, ಮರುದಿನ ಮತ್ತೆ ಕುಲುಮೆಗೇ ಹೋಗುತ್ತವೆ. ಪ್ಯಾರಿಸ್ಸಿನ ಅಂಗಡಿಯ ಮುಂದೆ ನಿಂತು ದೊಡ್ಡ ಮನುಷ್ಯರು ಬಾಯಿ ಬಿಟ್ಟು ನೋಡುವುದು ಉಳಿದ ಆರನ್ನು.

ಸೆಲೆಸ್ತೀನ್ ದಿದಿಯೆ ಆ ಕೋಣೆಯಲ್ಲಿ ಹದಿನಾರು ವರ್ಷದಿಂದ ಕೂತಿದ್ದಳು. ಉತ್ತರದ ಕಿಟಕಿಗೆ ಮುಖ, ಎಡಕ್ಕೆ ಬಟ್ಟಲುಗಳ ಹಲಗೆ, ಬಲಕ್ಕೆ ತಗಡು ಹೊದಿಸಿದ ತೊಟ್ಟಿ, ಮಡಿಲಲ್ಲಿ ಗೇಣುದ್ದದ ಸುತ್ತಿಗೆ. ಬಟ್ಟಲನ್ನು ಬೆಳಕಿಗೆ ಹಿಡಿದು ತಿರುಗಿಸಬೇಕು, ಉಗುರಿನಿಂದ ಒಮ್ಮೆ ಮೀಟಬೇಕು, ನಾದ ಪೂರ್ತಿ ಆರುವವರೆಗೆ ಕಿವಿಗೊಡಬೇಕು. ಗುಳ್ಳೆ ಕಂಡರೆ ಒಡೆಯುವುದು. ದಾರದಂಥ ಗೆರೆ ಕಂಡರೆ ಒಡೆಯುವುದು. ಕಲ್ಲು ಕಂಡರಂತೂ ಎರಡು ಮಾತಿಲ್ಲ. ಕಲ್ಲೆಂದರೆ ಕರಗದೆ ಉಳಿದ ಮರಳಿನ ಕಾಳು, ಇಲ್ಲವೇ ಕುಲುಮೆಯಲ್ಲಿ ಗಾಜು ಕರಗಿಸುವ ಮಡಕೆಯಿಂದ ಉದುರಿದ ಚೂರು. ಸಾಸಿವೆಯಷ್ಟಿದ್ದರೂ ಸಾಕು, ಇವತ್ತಲ್ಲ ನಾಳೆ, ಯಾರೂ ಮುಟ್ಟದೆ ಇದ್ದಾಗಲೂ ಬಟ್ಟಲು ಅಲ್ಲಿಂದ ಸೀಳಿಬಿಡುತ್ತದೆ. ಒಬ್ಬಳು ಒಪ್ಪಿದ್ದನ್ನು ಇನ್ನೊಬ್ಬಳು ತಿರುಗಿ ನೋಡುವ ಪದ್ಧತಿ ಅಲ್ಲಿರಲಿಲ್ಲ. ಆರಿಸಿದವಳ ಮಾತೇ ಕಡೆಯ ಮಾತು.

ಅವಳ ಅಪ್ಪ ಎವಾರಿಸ್ತ್ ಅದೇ ಕಾರ್ಖಾನೆಯ ಊದುವ ಮೇಸ್ತ್ರಿ. ಅಪ್ಪ ಮಾಡಿದ್ದನ್ನು ಮಗಳು ಒಡೆಯುವ ಸಂಸಾರ ಅದು. ಹಲಗೆಯ ಮೇಲೆ ಯಾರ ಹೆಸರೂ ಇರುವುದಿಲ್ಲ ನಿಜ, ಆದರೆ ಅಪ್ಪನ ಕೈಯನ್ನು ಗುರುತಿಸಲು ಅವಳಿಗೆ ಹೆಸರು ಯಾಕೆ ಬೇಕು? ಬಟ್ಟಲಿನ ತೆಳು ಕಾಲು ಕೆಳಗಿನ ಅಗಲ ಪಾದವನ್ನು ಸೇರುವ ಕಡೆ ಅವನು ಹೆಬ್ಬೆರಳಿಗೆ ಒರಗಲು ಆಗುವಷ್ಟು ಒಂದಿಷ್ಟು ದಪ್ಪ ಬಿಡುತ್ತಿದ್ದ. ದಿನಾ ಸಂಜೆ ಊಟಕ್ಕೆ ಕೂತಾಗ ಮೊದಲು ತನ್ನ ಮುಂದಿನ ಲೋಟವನ್ನು ಉಗುರಿನಿಂದ ಮೀಟುತ್ತಿದ್ದ, ಆಮೇಲೆ ಒಂದೇ ಪ್ರಶ್ನೆ.

"ಇವತ್ತು ನನ್ನವು ಎಷ್ಟು ಒಡೆದೆ, ರಾಕ್ಷಸಿ?"

ಅವಳು ಏಳು ಎಂದರೆ, ಏಳೇನಾ, ನಿನ್ನ ಕಣ್ಣಿಗೇನು ಬಂತು, ನನ್ನ ಲೆಕ್ಕದಲ್ಲಿ ಒಂಬತ್ತು ಎನ್ನುತ್ತಿದ್ದ. ಅವಳು ಒಂಬತ್ತು ಎಂದ ದಿನ ಎದೆಯುಬ್ಬಿಸಿ ಸೂಪಿಗೆ ರೊಟ್ಟಿ ಮುರಿದು ಹಾಕಿಕೊಳ್ಳುತ್ತಿದ್ದ. ಮಗಳು ತನ್ನನ್ನೂ ಬಿಡುವುದಿಲ್ಲ ಎನ್ನುವುದು ಅವನಿಗೆ ದೊಡ್ಡ ಹೆಮ್ಮೆ. ಬೇರೆ ಮೇಸ್ತ್ರಿಗಳು ಹೆಂಡತಿಯರಿಂದ ಆರಿಸುವವರ ಕೈ ಬೆಚ್ಚಗೆ ಮಾಡಿಸಿ ಒಪ್ಪಿಸಿಕೊಳ್ಳುತ್ತಾರೆ ಎಂದು ಕುಡಿದಾಗ ಅಣಕಿಸುತ್ತಿದ್ದ. ಅದೆಲ್ಲ ಸುಳ್ಳು, ಆದರೂ ಅವನಿಗೆ ಹಾಗೆ ಹೇಳುವುದರಲ್ಲಿ ಒಂದು ಸುಖ.

ಜರ್ಮನರ ಜೊತೆಗಿನ ಯುದ್ಧ ಮುಗಿದು ಏಳೆಂಟು ವರ್ಷವಾಗುವ ಹೊತ್ತಿಗೆ ಈ ಲೆಕ್ಕ ಏರತೊಡಗಿತು. ಹನ್ನೆರಡಾಯಿತು, ಹದಿನೈದಾಯಿತು. ಸೆಲೆಸ್ತೀನ್‌ಗೆ ಕಾರಣ ಬೇಗ ಗೊತ್ತಾಯಿತು. ನಲವತ್ತು ವರ್ಷ ಕುಲುಮೆಯ ಬಾಯಿಯೊಳಗೆ ದಿಟ್ಟಿಸಿದ ಕಣ್ಣು ಹಾಲು ಕದಡಿದ ಹಾಗಾಗುವುದು ಆ ಊರಿನಲ್ಲಿ ಹೊಸದಲ್ಲ. ಅಂಥವರನ್ನು ಗೇಟಿನ ಹತ್ತಿರ ಕೂರಿಸುತ್ತಾರೆ, ಇಲ್ಲವೇ ಕೈಗೆ ಪೊರಕೆ ಕೊಡುತ್ತಾರೆ. ಎವಾರಿಸ್ತ್ ಅದನ್ನು ಯಾರಿಗೂ ಹೇಳಲಿಲ್ಲ. ಬೆಂಚಿನಿಂದ ಕುಲುಮೆಗೆ ಏಳು ಹೆಜ್ಜೆ, ಎಡಕ್ಕೆ ಕೈ ಚಾಚಿದರೆ ಒದ್ದೆ ಮರದ ಅಚ್ಚು. ಮಡಕೆಯ ಬಾಯಿ ಎಲ್ಲಿದೆಯೆಂದು ಕೆನ್ನೆಗೆ ತಾಗುವ ಬಿಸಿ ಹೇಳುತ್ತಿತ್ತು. ಕೋಲಿನ ತುದಿಗೆ ಗಾಜು ಸುತ್ತಿ ತಂದುಕೊಡುವವನು ಕಲ್ಲೇನಾದರೂ ಕಂಡರೆ ಮೊದಲೇ ಚಿವುಟಿ ಎಸೆದು, ಬಾಯಿ ಮುಚ್ಚಿಕೊಂಡಿರುತ್ತಿದ್ದ. ಸೆಲೆಸ್ತೀನ್ ಪ್ರತಿ ವಸಂತದಲ್ಲಿ ಕುರುಡರಿಗೆ ಕಣ್ಣು ಕೊಡುತ್ತಾಳೆಂದು ನಂಬುವ ಸಂತ ಒದಿಲಳ, ಬೆಟ್ಟದಾಚೆಯ ಬುಗ್ಗೆಯಿಂದ ಕಣ್ಣು ತೊಳೆಯಲು ನೀರು ತಂದಿಡುತ್ತಿದ್ದಳು. ಅವನು ಅದನ್ನು ಕಾಫಿಗೆ ಹಾಕಿ ಮುಗಿಸಿ, ಸಂತಮ್ಮನ ಕಾಫಿ ಪರವಾಗಿಲ್ಲ ಎನ್ನುತ್ತಿದ್ದ.

ಆಗಲೇ ಅವಳು ಮೊದಲ ಸುಳ್ಳು ಹೇಳಿದ್ದು. ಹದಿನೆಂಟು ಒಡೆದ ದಿನ ಎಂಟು ಎಂದಳು. ಅವನು ಎಂಟೇನಾ ಎಂದು ಲೋಟ ಎತ್ತಿದ. ಅವನ ಮುಖದಲ್ಲಿ ಸಮಾಧಾನ ಕಂಡಿತು. ಆಮೇಲೆ ಅವಳಿಗೆ ಅದು ಅಭ್ಯಾಸವಾಗಿ ಹೋಯಿತು.

ಈಗ ಅಲ್ಮೆರಾದ ವಿಷಯ ಹೇಳಬೇಕು. ಕಾರ್ಖಾನೆಯಲ್ಲಿ ಕುಲುಮೆಗಳಿರುವ ದೊಡ್ಡ ಹಜಾರದಲ್ಲೇ ಓಕ್ ಮರದ ಒಂದು ಗಾಜಿನ ಅಲ್ಮೆರಾ ಇದೆ. ಒಬ್ಬ ಮೇಸ್ತ್ರಿ ಕೆಲಸ ಬಿಡುವ ವರ್ಷ ಒಂದೇ ಒಂದು ಬಟ್ಟಲನ್ನು ತಾನೊಬ್ಬನೇ ಮಾಡಬೇಕು. ಗಾಜು ಸುತ್ತುವುದರಿಂದ ಪಾದ ಕೂರಿಸುವವರೆಗೆ ಇನ್ನೊಬ್ಬನ ಕೈ ಸೋಕಬಾರದು. ಅದು ಯಾರದೆಂದು ಹೇಳದೆ ಆವತ್ತಿನ ಉಳಿದ ಬಟ್ಟಲುಗಳ ಜೊತೆ ಆರಿಸುವ ಕೋಣೆಗೆ ಬರುತ್ತದೆ. ಒಪ್ಪಿಗೆಯಾದರೆ ಅಲ್ಮೆರಾದಲ್ಲಿ ಅವನ ಹೆಸರಿನ ಚೀಟಿಯ ಹಿಂದೆ ನಿಲ್ಲುತ್ತದೆ. ಆಗದಿದ್ದರೆ ಎಲ್ಲದರ ಹಾಗೆ ತೊಟ್ಟಿಗೆ. ಕಾರ್ಖಾನೆಯಿಂದ ಹೊರಬೀಳುವ ಯಾವ ವಸ್ತುವಿನ ಮೇಲೂ ಊದಿದವನ ಹೆಸರಿರುವುದಿಲ್ಲ, ಪಾದದ ಕೆಳಗೆ ಕಂಪನಿಯ ಮುದ್ರೆ ಮಾತ್ರ. ಹಾಗಾಗಿ ಒಬ್ಬ ಮೇಸ್ತ್ರಿ ಬದುಕಿದ್ದನೆಂಬುದಕ್ಕೆ ಆ ಅಲ್ಮೆರಾ ಒಂದೇ ಸಾಕ್ಷಿ.

ಅದರಲ್ಲಿ ನಲವತ್ತೊಂದು ಬಟ್ಟಲುಗಳಿದ್ದವು. ಮೇಲಿನ ಸಾಲಿನ ಮೊದಲನೆಯದು ಹಸಿರು ಛಾಯೆಯದು, ಕಾಡಿನ ಸೌದೆ ಸುಡಲು ಬಿಷಪ್ಪರು ರಾಜನಿಂದ ಅಪ್ಪಣೆ ತಂದ ಕಾಲದ್ದು, ಆಗಿನ್ನೂ ಗಾಜಿಗೆ ಸೀಸ ಬೆರೆಸುವುದು ಇವರಿಗೆ ತಿಳಿದಿರಲಿಲ್ಲ. ಆಮೇಲಿನವು ರಾಜನ ತಲೆ ಹೋದ ಮೇಲಿನವು, ಚಕ್ರವರ್ತಿಯ ಕಾಲದವು, ರಷ್ಯಾದ ಅರಮನೆಗೆ ಆಳೆತ್ತರದ ದೀಪಗಳನ್ನು ಕಳಿಸಿದ ಕಾಲದವು. ರಾಜರು ಬಂದರು, ಹೋದರು, ಕುಲುಮೆ ಆರಲಿಲ್ಲ. ಸಾವಿರದ ಒಂಬೈನೂರ ಹದಿನಾಲ್ಕನೇ ಇಸವಿಯಲ್ಲಿ ಜರ್ಮನರು ಊರಿಗೆ ನುಗ್ಗಿದಾಗ ಮೂರು ವಾರ ಆರಿತ್ತು, ಅಷ್ಟೇ. ಆಗ ಆರಿಸುವ ಕೋಣೆಯ ಹೆಂಗಸರು ಬಟ್ಟಲುಗಳನ್ನೆಲ್ಲ ಲಂಗದಲ್ಲಿ ಸುತ್ತಿ ಆಲೂಗಡ್ಡೆ ಹೊಲದಲ್ಲಿ ಹೂತಿದ್ದರು. ಸೆಲೆಸ್ತೀನ್ ತನ್ನ ಕೈಯಾರೆ ಹೂತದ್ದು ಅಜ್ಜ ಉಬೆರ್‌ನ ಬಟ್ಟಲನ್ನು. ಕೆಳಸಾಲಿನಲ್ಲಿ ಅದರ ಪಕ್ಕಕ್ಕೆ ಒಂದು ಜಾಗ ಎವಾರಿಸ್ತ್‌ಗೆ, ಅದರ ಪಕ್ಕ ಇನ್ನೊಂದು ಅವಳ ಅಣ್ಣ ಲಿಯೋನ್ಸ್‌ಗೆ ಎಂದು ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಲಿಯೋನ್ಸ್ ವೆರ್ದನ್ನಿನ ಯುದ್ಧಭೂಮಿಯ ಮಣ್ಣಿನಲ್ಲಿ ಸಿಗದೆ ಹೋದ. ಮೇಯರ್ ಆ ಸುದ್ದಿ ತಂದು, ಟೋಪಿ ತೆಗೆದು ಬಾಗಿಲಲ್ಲಿ ನಿಂತ ದಿನ ಎವಾರಿಸ್ತ್ ಅತ್ತದ್ದೇ ಕೊನೆ, ಎರಡು ವರ್ಷದ ಮೇಲೆ ಜ್ವರಕ್ಕೆ ಹೆಂಡತಿ ಹೋದಾಗಲೂ ಅವನ ಕಣ್ಣಲ್ಲಿ ನೀರು ಬರಲಿಲ್ಲ.

ಇಪ್ಪತ್ತೇಳನೇ ಇಸವಿಯ ಆಗಸ್ಟಿನಲ್ಲಿ, ಗಾಜಿನ ಕೆಲಸದವರ ಸಂತ ಲೋರಾನ ಹಬ್ಬಕ್ಕೆ ನಾಲ್ಕು ದಿನವಿರುವಾಗ, ಎವಾರಿಸ್ತ್ ತನ್ನ ಬಟ್ಟಲು ಮಾಡಿದ. ಎಲ್ಲರೂ ಕೆಲಸ ನಿಲ್ಲಿಸಿ ಗೋಡೆಗೆ ಒರಗಿ ನಿಂತರಂತೆ. ಏಳು ಹೆಜ್ಜೆ ಹೋಗಿ ಏಳು ಹೆಜ್ಜೆ ಬಂದನಂತೆ, ಒಂದು ಸಲವೂ ತಡವರಿಸಲಿಲ್ಲವಂತೆ. ಆವತ್ತು ಸಂಜೆ ಮಿರಾಬೆಲ್ ಹಣ್ಣಿನ ಸಾರಾಯಿ ಎರಡು ಸುತ್ತು ಇಳಿಸಿ, ತನ್ನ ಜನ್ಮದಲ್ಲಿ ಇಷ್ಟು ಚೆನ್ನಾಗಿ ಇನ್ನೊಂದು ಬಂದಿಲ್ಲ ಎಂದು ಮಗುವಿನ ಹಾಗೆ ಹೇಳಿಕೊಂಡ. ಆಮೇಲೆ ಮುಖ ಗಂಭೀರ ಮಾಡಿಕೊಂಡು ಅವಳ ಕಡೆ ತಿರುಗಿದ.

"ನಾಳೆ ನಾಳಿದ್ದರಲ್ಲಿ ನಿನ್ನ ಹಲಗೆಗೇ ಬರಬಹುದು. ಅಪ್ಪಂದು ಅಂತ ನೋಡ್ಬೇಡ. ಯಾವನದ್ದೋ ಅಂತ ನೋಡು."

"ಸರಿ ಅಪ್ಪ."

"ಮಾತು ಕೊಡು."

ಅವಳು ಕೊಟ್ಟಳು.

ಕೋಣೆಯಲ್ಲಿ ನಾಲ್ಕು ಜನ ಹೆಂಗಸರು. ಬೇರೆ ಯಾರ ಹಲಗೆಗಾದರೂ ಅದು ಹೋಗಬಹುದಿತ್ತು, ಹೋಗಲಿಲ್ಲ. ಮರುದಿನ ಮಧ್ಯಾಹ್ನ ಹನ್ನೊಂದನೆಯ ಬಟ್ಟಲಿಗೆ ಕೈ ಹಾಕಿದಾಗಲೇ ಅವಳ ಹೆಬ್ಬೆರಳು ಆ ದಪ್ಪವನ್ನು ಕಂಡುಕೊಂಡಿತು. ಎತ್ತಿ ಬೆಳಕಿಗೆ ಹಿಡಿದಳು. ಬಾಯಂಚು ಸಮ, ಹೊಟ್ಟೆ ತುಂಬಿಕೊಂಡು ಬಂದಿತ್ತು, ಗುಳ್ಳೆಯಿಲ್ಲ, ಗೆರೆಯಿಲ್ಲ. ಕಣ್ಣಿಲ್ಲದ ಮುದುಕ ಇದನ್ನು ಹೇಗೆ ಎಳೆದ ಎಂದು ಇನ್ನೊಂದು ಸುತ್ತು ತಿರುಗಿಸಿದಳು. ಆಮೇಲೆ ಕಾಲಿನ ತಳದಲ್ಲಿ, ಸರಿಯಾಗಿ ಆ ದಪ್ಪದೊಳಗೆ, ಬಿಳಿಯ ಚುಕ್ಕೆಯೊಂದು ಕಂಡಿತು.

ಕಲ್ಲು. ಕಣ್ಣಿದ್ದ ಯಾರಾದರೂ ಕೋಲಿನ ತುದಿಯಲ್ಲೇ ನೋಡಿ ಚಿವುಟಿ ಎಸೆಯುತ್ತಿದ್ದ ಕಲ್ಲು. ಆದರೆ ಇದನ್ನು ಅವನು ಒಬ್ಬನೇ ಮಾಡಬೇಕಿತ್ತಲ್ಲ.

ಮೀಟಿದಳು. ನಾದ ಎದ್ದಿತು, ತುಂಬಿಕೊಂಡಿತು, ಇನ್ನೂ ಹೋಗಬೇಕಾದಲ್ಲಿ ಒಂದು ಕೂದಲೆಳೆ ಮೊದಲೇ ನಿಂತಿತು. ಪಕ್ಕದಲ್ಲಿ ಕೋಣೆಯ ಯಜಮಾನಿ ಮದಾಮ್ ಗ್ರೋಜಾನ್ ತನ್ನ ಹಲಗೆಯ ಮೇಲೆ ಬಗ್ಗಿದ್ದಳು. ಸೆಲೆಸ್ತೀನ್‌ಳ ಕೈ ಸುತ್ತಿಗೆಯ ಮೇಲಿತ್ತು. ಕಲ್ಲು ಕಾಲಿನಲ್ಲಿದೆ, ಐವತ್ತು ವರ್ಷ ಏನೂ ಆಗದೆ ಇರಬಹುದು ಎಂದುಕೊಂಡಳು. ಅಜ್ಜನ ಪಕ್ಕದ ಜಾಗ, ಅದರ ಪಕ್ಕ ಎಂದೂ ತುಂಬದ ಇನ್ನೊಂದು ಜಾಗ, ಎರಡೂ ಕಣ್ಣ ಮುಂದೆ ಬಂದವು. ಅಣ್ಣನನ್ನು ಕಿತ್ತುಕೊಂಡಿದ್ದಾಯಿತು, ಅಮ್ಮನನ್ನು ಕಿತ್ತುಕೊಂಡಿದ್ದಾಯಿತು, ಕಣ್ಣನ್ನೂ ಕಿತ್ತುಕೊಂಡಿದ್ದಾಯಿತು, ಇದೊಂದನ್ನಾದರೂ ಬಿಡಬಾರದೇ ಎಂದು ಅವಳಿಗೆ ಯಾರ ಮೇಲೋ ಸಿಟ್ಟು ಬಂತು. ಬಟ್ಟಲನ್ನು ಒಪ್ಪಿದವುಗಳ ಸಾಲಿನಲ್ಲಿ ಇಟ್ಟಳು. ಆವತ್ತು ಕೆಲಸ ಬಿಡುವುದರೊಳಗೆ ಯಾವ ತಪ್ಪೂ ಇಲ್ಲದ ಮೂರು ಬಟ್ಟಲುಗಳನ್ನು ಒಡೆದು ಹಾಕಿದಳು.

ಹಬ್ಬದ ದಿನ ಪೂಜೆ ಮುಗಿಸಿ ಎಲ್ಲರೂ ಹಜಾರದಲ್ಲಿ ಸೇರಿದರು. ಎವಾರಿಸ್ತ್ ಮದುವೆಯ ಕರಿ ಕೋಟು ಹಾಕಿದ್ದ, ಮೀಸೆಗೆ ಎಣ್ಣೆ ಹಚ್ಚಿದ್ದ. ಯಜಮಾನರು ಕಂಪನಿಯ ಹಿರಿಮೆಯ ಬಗ್ಗೆ ಪ್ರತಿ ವರ್ಷದ ಭಾಷಣವನ್ನೇ ಇನ್ನೊಮ್ಮೆ ಮಾಡಿ ಬಟ್ಟಲನ್ನು ಅವನ ಕೈಗೆ ಕೊಟ್ಟರು. ಅಲ್ಮೆರಾದಲ್ಲಿಡುವ ಮುಂಚೆ ಮೇಸ್ತ್ರಿ ಅದನ್ನು ಒಂದು ಸಲ ಮೀಟಬೇಕು, ಹಜಾರವೆಲ್ಲ ಕೇಳಬೇಕು. ಅವನು ಬಟ್ಟಲನ್ನು ಕಿವಿಯ ಮಟ್ಟಕ್ಕೆ ಎತ್ತಿ ನಗುತ್ತ ಮೀಟಿದ. ನಾದ ಇಲ್ಲೂ ಆ ಒಂದು ಕೂದಲೆಳೆ ಮೊದಲೇ ನಿಂತಿತು.

ಸೆಲೆಸ್ತೀನ್ ಅವನ ಮುಖವನ್ನೇ ನೋಡುತ್ತಿದ್ದಳು. ನಗು ತುಟಿಯ ಮೇಲೇ ಇತ್ತು, ಆದರೆ ಅದರ ಹಿಂದಿನವನು ಅಲ್ಲಿರಲಿಲ್ಲ. ಗೋಡೆಯ ಬದಿಯಲ್ಲಿ ಸಾಲಾಗಿ ನಿಂತಿದ್ದ ಹಳೆಯ ಮೇಸ್ತ್ರಿಗಳು ನೆಲ ನೋಡತೊಡಗಿದರು. ಚಪ್ಪಾಳೆ ಒಂದು ಉಸಿರಿನಷ್ಟು ತಡವಾಗಿ ಬಿತ್ತು. ಯಜಮಾನರಿಗೆ ಅದು ಗೊತ್ತೇ ಆಗಲಿಲ್ಲ. ಎವಾರಿಸ್ತ್ ಬಟ್ಟಲನ್ನು ತಡಕಿ ತಡಕಿ ತನ್ನ ಅಪ್ಪನ ಬಟ್ಟಲಿನ ಪಕ್ಕದಲ್ಲಿಟ್ಟು, ಕೈಯನ್ನು ಬಿಸಿ ತಾಗಿದವನ ಹಾಗೆ ಹಿಂದಕ್ಕೆಳೆದುಕೊಂಡ.

ಮನೆಗೆ ಬಂದು ಕೋಟು ಮಡಿಸಿಟ್ಟ. ಅವಳು ಮಿರಾಬೆಲ್ ಹಣ್ಣು ಹಾಸಿ ಒಲೆಯಲ್ಲಿ ಸುಟ್ಟ ಸಿಹಿಯನ್ನು ಮುಂದಿಟ್ಟಳು, ಒಂದು ತುಂಡು ತಿಂದು ಚೆನ್ನಾಗಿದೆ ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆವತ್ತಿನಿಂದ ಊಟಕ್ಕೆ ಕೂತಾಗ ಅವನು ಲೋಟ ಮೀಟುವುದು ಬಿಟ್ಟ. ಎಷ್ಟು ಒಡೆದೆ ಎಂದು ಕೇಳುವುದನ್ನೂ ಬಿಟ್ಟ. ಈಗ ಅವನಿಗೆ ಕೆಲಸವಿಲ್ಲ, ಕೇಳುವುದಕ್ಕೆ ಅವನವು ಎಲ್ಲಿವೆ ಎಂದು ಅವಳು ಸಮಾಧಾನ ಮಾಡಿಕೊಳ್ಳಲು ನೋಡಿದಳು. ಅದು ಸುಳ್ಳೆಂದು ಅವಳಿಗೇ ಗೊತ್ತಿತ್ತು. ಸೆಪ್ಟೆಂಬರ್ ಹೋಯಿತು, ಅಕ್ಟೋಬರ್ ಹೋಯಿತು, ಒಂದೇ ಮೇಜಿನಲ್ಲಿ ಎದುರುಬದುರು ಕೂತು ಹವೆಯ ಬಗ್ಗೆ, ಕೋಸಿನ ಬಗ್ಗೆ ಮಾತಾಡಿದರು. ಹಜಾರದ ಕಡೆ ಹೋಗಿ ಬರೋಣವೇ ಎಂದು ಒಂದು ಭಾನುವಾರ ಅವಳು ಕೇಳಿದಾಗ ಕಾಲು ನೋವು ಎಂದ. ಅವನ ದೃಷ್ಟಿ ಅಷ್ಟರಲ್ಲಿ ಪೂರ್ತಿ ಹೋಗಿತ್ತು.

ಸರ್ವ ಸಂತರ ದಿನ ಸೇವಂತಿಗೆ ಹೂ ತೆಗೆದುಕೊಂಡು ಸ್ಮಶಾನಕ್ಕೆ ಹೋದರು. ಅಮ್ಮನ ಗೋರಿಗೆ ಇಟ್ಟಾಯಿತು. ಲಿಯೋನ್ಸ್‌ಗೆ ಗೋರಿಯಿಲ್ಲ, ಯುದ್ಧದಲ್ಲಿ ಸತ್ತವರ ಗೋಡೆಯ ಮೇಲೆ ಹೆಸರಿದೆ, ಅಲ್ಲೂ ಇಟ್ಟಾಯಿತು. ಅಜ್ಜನ ಗೋರಿಯ ಹತ್ತಿರ ಬಂದಾಗ ಎವಾರಿಸ್ತ್ ಅವಳ ತೋಳು ಬಿಟ್ಟು, ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತ.

"ನಮ್ಮಪ್ಪನ ಬಟ್ಟಲು ಆರಿಸಿದ್ದು ಯಾರು ಗೊತ್ತಾ ನಿನಗೆ?"

ಅವಳಿಗೆ ಗೊತ್ತಿರಲಿಲ್ಲ.

"ನಮ್ಮತ್ತೆ. ಅಪ್ಪನ ಒಡಹುಟ್ಟಿದವಳು. ಇಷ್ಟು ವರ್ಷ ಅದರ ಬಗ್ಗೆ ನನಗೆ ಒಂದು ಯೋಚನೆಯೂ ಬಂದಿರಲಿಲ್ಲ. ಈಗ ದಿನಾ ಬರುತ್ತೆ. ಅವಳೂ ಅಣ್ಣ ಅಂತ ನೋಡಿರಬಹುದಲ್ಲ?"

ತಾನು ಕೊಟ್ಟೆನೆಂದುಕೊಂಡದ್ದು ಏನು, ಕಿತ್ತುಕೊಂಡದ್ದು ಏನು ಎಂದು ಸೆಲೆಸ್ತೀನ್‌ಗೆ ಆಗ ಅರ್ಥವಾಯಿತು. ಒಂದು ಬಟ್ಟಲಲ್ಲ, ಅಲ್ಮೆರಾದ ನಲವತ್ತೆರಡನ್ನೂ ಅವಳು ಅವನಿಂದ ಕಸಿದಿದ್ದಳು.

"ಅಪ್ಪಾ, ನಿನಗೆ ಅದೊಂದಾದರೂ ಉಳೀಲಿ ಅಂತ..."

"ಗೊತ್ತು ಮಗಳೇ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವಳಿಗೆ ಇನ್ನೂ ಸಂಕಟವಾಯಿತು. "ನೀನು ಒಡೆದಿದ್ರೆ ನಾನು ಮೇಸ್ತ್ರಿಯಾಗೇ ಮನೆಗೆ ಬರ್ತಿದ್ದೆ. ಹದಿನಾರು ವರ್ಷ ನೀನು ಒಡೀದೆ ಬಿಟ್ಟಿದ್ದೆಲ್ಲ ಚೆನ್ನಾಗಿತ್ತು ಅಂತ ನಂಬಿದ್ದೆ. ಈಗ ಯಾವುದನ್ನು ನಂಬಲಿ ಹೇಳು."

ಅವನು ಟೋಪಿ ಹಾಕಿಕೊಂಡು ಅವಳ ತೋಳಿಗಾಗಿ ಗಾಳಿಯಲ್ಲಿ ಕೈ ಚಾಚಿದ. ಇಬ್ಬರೂ ಒದ್ದೆ ಎಲೆಗಳ ಮೇಲೆ ನಿಧಾನವಾಗಿ ನಡೆದು ಮನೆಗೆ ಬಂದರು.

ಮರುದಿನ ಬೆಳಿಗ್ಗೆ ಕಾರ್ಖಾನೆಯ ಗಂಟೆ ಹೊಡೆದ ಕೂಡಲೇ ಅವಳು ಮದಾಮ್ ಗ್ರೋಜಾನ್‌ಳ ಮುಂದೆ ನಿಂತು ಅಲ್ಮೆರಾದ ಬೀಗದ ಕೈ ಕೇಳಿದಳು. ಯಾಕೆಂದು ಹೇಳಿದಳು, ಏನನ್ನೂ ಮುಚ್ಚಿಡಲಿಲ್ಲ. ಮದಾಮ್ ಗ್ರೋಜಾನ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದಳು. ಅವಳಿಗೆ ಅರವತ್ತಾಗಿತ್ತು, ಅವಳ ಗಂಡನೂ ಕಣ್ಣು ಹೋಗಿ ಗೇಟಿನ ಹತ್ತಿರ ಕೂತವನೇ.

"ಆವತ್ತೇ ಕೇಳಿಸ್ತು ಕಣೆ. ಎಲ್ಲರಿಗೂ ಕೇಳಿಸ್ತು. ಹೊಟ್ಟೆಗೆ ಹಾಕ್ಕೊಂಡ್ವಿ. ಇರಲಿ ಬಿಡು, ಯಾರಿಗೇನು ನಷ್ಟ."

"ಅವನಿಗೆ."

"ಒಡೆದರೆ ಅವನ ಹೆಸರಿನ ಚೀಟಿ ಹೋಗುತ್ತೆ. ಕಲ್ಲು ನೋಡಿಯೂ ಒಪ್ಪಿದವಳು ಇನ್ನು ಈ ಬೆಂಚಿನ ಮೇಲೆ ಕೂರೋ ಹಾಗಿಲ್ಲ. ಯೋಚನೆ ಮಾಡಿದ್ದೀಯಾ?"

ಮಾಡಿದ್ದೇನೆ ಎಂದಳು. ಮದಾಮ್ ಗ್ರೋಜಾನ್ ಕನ್ನಡಕ ಹಾಕಿಕೊಂಡು ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟಳು.

ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಹಜಾರ ದಾಟಿ ಬರುವಾಗ ಊದುವವರು ಒಬ್ಬೊಬ್ಬರಾಗಿ ಕೊಳವೆ ಇಳಿಸಿ ನಿಂತರು. ಅವಳು ತನ್ನ ಬೆಂಚಿನಲ್ಲಿ ಕೂತು, ಉತ್ತರದ ಬೆಳಕಿಗೆ ಹಿಡಿದು ತಿರುಗಿಸಿದಳು. ಎಂಥ ಚೆಂದದ ಬಟ್ಟಲು ಅದು. ಮೀಟಿದಳು, ನಾದ ನಿಂತುಹೋಗುವವರೆಗೆ ಕೇಳಿದಳು, ಯಾವನದ್ದೋ ಎಂದುಕೊಂಡಳು. ಸುತ್ತಿಗೆ ಎತ್ತಿ ಒಂದೇ ಏಟು. ಮದಾಮ್ ಗ್ರೋಜಾನ್ ಮುಖ ಆ ಕಡೆ ತಿರುಗಿಸಿದಳು. ತೊಟ್ಟಿಯಿಂದ ಒಂದು ಚೂರನ್ನೂ ಹೊರಗೆ ಒಯ್ಯಬಾರದೆಂಬುದು ಆ ಕಾರ್ಖಾನೆಯ ಕಟ್ಟುನಿಟ್ಟಿನ ನಿಯಮ. ಸೆಲೆಸ್ತೀನ್ ಕಾಲಿನ ತುಂಡನ್ನು ಆರಿಸಿ ಅಂಗಿಯ ಜೇಬಿಗೆ ಹಾಕಿಕೊಂಡಳು, ಸುತ್ತಿಗೆಯನ್ನು ಬೆಂಚಿನ ಮೇಲಿಟ್ಟಳು, ಗೇಟು ದಾಟಿದಳು. ಯಾರೂ ತಡೆಯಲಿಲ್ಲ.

ಎವಾರಿಸ್ತ್ ಅಡುಗೆಮನೆಯ ಮೇಜಿನಲ್ಲಿ ಕೂತು ಕೈಯಂದಾಜಿನಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಈ ಹೊತ್ತಿನಲ್ಲಿ ಬಾಗಿಲ ಸದ್ದಾದದ್ದು ಕೇಳಿ ಚಾಕು ನಿಲ್ಲಿಸಿದ. ಅವಳು ಅವನ ಅಂಗೈ ಬಿಡಿಸಿ ತುಂಡನ್ನು ಇಟ್ಟಳು. ಅವನ ಹೆಬ್ಬೆರಳು ತಾನೇ ಬಿಟ್ಟ ದಪ್ಪಕ್ಕೆ ಹೋಗಿ ಒರಗಿತು. ಅಲ್ಲೇ ಸುತ್ತಿತು, ಒಡೆದ ಮುಖದ ಮೇಲೆ ಮೆಲ್ಲಗೆ ಸರಿಯಿತು, ಒಂದು ಕಡೆ ನಿಂತಿತು. ಒಡೆದಾಗ ಕಲ್ಲು ಹೊರಕ್ಕೆ ಬಂದಿತ್ತು. ಅವನು ಅದನ್ನು ಉಗುರಿನಿಂದ ಎರಡು ಮೂರು ಸಲ ಕೆರೆದು ನೋಡಿದ.

"ಇಲ್ಲಿದೆ," ಎಂದ.

ತುಂಡನ್ನು ಮೇಜಿನ ಮೇಲಿಟ್ಟು ಸಿಪ್ಪೆಗಳ ನಡುವೆ ಕೈಯಾಡಿಸಿ ಲೋಟ ಹುಡುಕಿದ. ಸಿಕ್ಕಿದ್ದು ದಿನಬಳಕೆಯ ಒರಟು ಗಾಜಿನ ಲೋಟ. ಅದನ್ನೇ ಉಗುರಿನಿಂದ ಮೀಟಿದ. ಟಕ್ ಎಂದಿತು ಅಷ್ಟೇ. ಆಮೇಲೆ ಅವಳು ನಿಂತಿದ್ದ ಕಡೆಗೆ ಮುಖವೆತ್ತಿದ.

"ಇವತ್ತು ನನ್ನವು ಎಷ್ಟು ಒಡೆದೆ, ರಾಕ್ಷಸಿ?"

"ಒಂದು, ಅಪ್ಪ."

ಅವನು ತಲೆಯಾಡಿಸಿದ. ಒಂದು, ಸರಿಯಾಗಿದೆ, ನನ್ನ ಲೆಕ್ಕದಲ್ಲೂ ಒಂದೇ ಎನ್ನಲು ಹೋದವನಿಗೆ ಮಾತು ಅರ್ಧಕ್ಕೇ ನಿಂತಿತು. ಮೇಯರ್ ಬಾಗಿಲಲ್ಲಿ ನಿಂತ ದಿನದಿಂದ ಬಾರದೆ ಇದ್ದ ಅಳು ಆ ಬಿಳಿಯ ಕಣ್ಣುಗಳಿಂದ ಇಳಿಯತೊಡಗಿತು. ಸೆಲೆಸ್ತೀನ್ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಅವನ ಕೈಯಿಂದ ಚಾಕು ತೆಗೆದುಕೊಂಡು, ತಾನೂ ಅಳುತ್ತ, ಉಳಿದ ಆಲೂಗಡ್ಡೆಗಳ ಸಿಪ್ಪೆ ತೆಗೆಯತೊಡಗಿದಳು.